ತೊಟ್ಟಿಲ ಗಂಟೆಯ ದನಿ

ಬಹಳ ಹಿಂದೆ, ಹೊಳೆಗಳಿಗೆ ಇನ್ನೂ ಯಾರೂ ಹೆಸರಿಡದ ಕಾಲದಲ್ಲಿ, ಒಂದು ಹೊಳೆಯ ಎರಡು ದಡಗಳಲ್ಲಿ ಎರಡು ನಾಡುಗಳಿದ್ದವು.

ಈ ದಡದ್ದು ಎರಡುಮರದ ನಾಡು. ಅಲ್ಲಿ ರಾಜನಿರಲಿಲ್ಲ. ಊರ ನಡುವಿನ ಬಯಲಿನಲ್ಲಿ ಒಂದು ಚಪ್ಪಟೆ ಕಲ್ಲು, ಕಲ್ಲಿನ ಬಲಕ್ಕೊಂದು ಬೇವಿನ ಮರ, ಎಡಕ್ಕೊಂದು ಹುಣಸೆ ಮರ. ಹೇಳುವುದಿದ್ದವರು ಕಲ್ಲು ಹತ್ತಿ ಹೇಳುತ್ತಿದ್ದರು. ಕೇಳಿದವರು ಎದ್ದು ನಡೆಯುತ್ತಿದ್ದರು. ಬೇವಿನ ಕೆಳಗೆ ಹೋಗಿ ನಿಂತರೆ ಹೌದು, ಹುಣಸೆಯ ಕೆಳಗೆ ಹೋಗಿ ನಿಂತರೆ ಇಲ್ಲ. ಯಾವ ನೆರಳಿನಲ್ಲಿ ಜನ ಹೆಚ್ಚೋ ಅದೇ ನಾಡಿನ ಮಾತು. ಈ ಪದ್ಧತಿಯ ಬಗ್ಗೆ ಅವರಿಗೆ ಜಂಬವೂ ಇತ್ತು. ಇರಲಿ, ಇರಬೇಕಾದ ಜಂಬವೇ.

ಅಲ್ಲಿ ಒಂದು ಕಟ್ಟಳೆಯೂ ಇತ್ತು. ದೂರು ಇದ್ದವರು ತಮ್ಮ ಬಾಯಿಂದಲೇ ಹೇಳಬೇಕು, ಒಬ್ಬರ ದೂರನ್ನು ಇನ್ನೊಬ್ಬರು ಹೇಳುವಂತಿಲ್ಲ. ಚಾಡಿಕೋರರ ಕಾಟ ತಪ್ಪಲಿ ಎಂದು ಹಿರಿಯರು ಮಾಡಿದ ಕಟ್ಟಳೆ ಅದು. ಮಾಡುವಾಗ ಅದು ಒಳ್ಳೆಯದೇ ಆಗಿತ್ತು.

ಆ ದಡದ್ದು ಕಂಚುದುರ್ಗ. ಅಲ್ಲಿ ಶಬ್ದಪಾಲನೆಂಬ ಮಾಂತ್ರಿಕ ದೊರೆಯಾಗಿ ಕೂತಿದ್ದ. ಅವನು ಪಟ್ಟಕ್ಕೆ ಬಂದ ಮೇಲೆ ಈ ದಡದವರು ಅತ್ತ ಹೋಗುವುದು ನಿಂತಿತು. ಹೊಳೆಯ ನಡುವೆ ಅವನು ಸಾಕಿದ ಮಾತುಗುಳಿ ಎಂಬ ಮೃಗವಿತ್ತು. ಮೊಸಳೆಯ ಮೈ, ನಾಯಿಯ ಮೂತಿ, ಕಣ್ಣಿನ ಜಾಗದಲ್ಲಿ ಬರೀ ಚರ್ಮ. ನೀರಿನ ಮೇಲೆ ಯಾರ ಬಾಯಿಂದ ಸದ್ದು ಬಂದರೂ ಅವರನ್ನು ಅದು ನುಂಗುತ್ತಿತ್ತು. ದೊರೆಯ ದೂತನ ದೋಣಿಯನ್ನು ಮಾತ್ರ ಮುಟ್ಟುತ್ತಿರಲಿಲ್ಲ.

ಆ ದೋಣಿಯಲ್ಲಿ ಬರುತ್ತಿದ್ದದ್ದು ಜೋಗುಳಗಂಟೆ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಕಂಚಿನ ಗಂಟೆ. ತೊಟ್ಟಿಲಿಗೆ ಕಟ್ಟಿ ಬೆರಳು ತಾಕಿಸಿದರೆ ಸಾಕು, ಮನುಷ್ಯರ ದನಿಯಲ್ಲಿ ಹಾಡುತ್ತಿತ್ತು. ಎಂಥ ಹಟಮಾರಿ ಕೂಸೂ ಕಣ್ಣು ಮುಚ್ಚುತ್ತಿತ್ತು. ಎರಡುಮರದವರು ತಮ್ಮ ಗುಡ್ಡದ ತಾಮ್ರ ಕೊಟ್ಟು ಗಂಟೆ ಕೊಳ್ಳುತ್ತಿದ್ದರು. ಎರಡುಮರದ ನಾಡಿನಲ್ಲಿ ಕೂಸು ಅತ್ತದ್ದು ಕೇಳಿ ವರ್ಷಗಳೇ ಆಗಿದ್ದವು.

ಆ ದಡದಿಂದ ಆಗೊಬ್ಬರು ಈಗೊಬ್ಬರು ಈಜಿಕೊಂಡು ಬರುತ್ತಿದ್ದರು. ಅವರಿಗೆ ದನಿಯೇ ಇರಲಿಲ್ಲ. ಅದಕ್ಕೇ ಮಾತುಗುಳಿಯ ಬಾಯಿಂದ ತಪ್ಪಿಸಿಕೊಂಡಿದ್ದರು. ಬಂದವರು ಕಲ್ಲು ಹತ್ತಿ ಬಾಯಿ ತೆರೆಯುತ್ತಿದ್ದರು, ಗಂಟಲು ಮುಟ್ಟಿ ತೋರಿಸುತ್ತಿದ್ದರು, ಅಳುತ್ತಿದ್ದರು. ಸಭೆ ನಡೆಸುವ ಗುರುಪಾದಜ್ಜ ಬಹಳ ಹೊತ್ತು ಕಾದು, ಆಮೇಲೆ "ದೂರು ಕೇಳಿಬರಲಿಲ್ಲ" ಎಂದು ಎದ್ದುಬಿಡುತ್ತಿದ್ದ. ಅಜ್ಜ ಕೆಟ್ಟವನಲ್ಲ. ಅವರಿಗೆ ಹೊಳೆದಂಡೆಯಲ್ಲಿ ಒಂದು ಚಪ್ಪರ ಹಾಕಿಸಿ ಗಂಜಿಗೂ ಏರ್ಪಾಡು ಮಾಡಿದ್ದ. ಗಂಜಿ ಕುಡಿದು ಅವರು ಹೊಳೆಯನ್ನೇ ನೋಡುತ್ತ ಕೂತಿರುತ್ತಿದ್ದರು.

ಈ ನಾಡಿನಲ್ಲಿ ತುಂಗವ್ವ ಎಂಬವಳಿದ್ದಳು. ಗಂಡ ಭರಮಪ್ಪ ಹರಿಗೋಲು ಹಾಕುವವನು, ದಂಡೆಯ ಉದ್ದಕ್ಕೂ ಜನರನ್ನು ಕರೆದೊಯ್ಯುತ್ತಿದ್ದ. ತುಂಗವ್ವನಿಗೆ ಹೆಣ್ಣುಕೂಸು ಹುಟ್ಟಿದಾಗ ಅವನೂ ಎಲ್ಲರಂತೆ ಒಂದು ಗಂಟೆ ತಂದ. ತಾನೇ ತೊಟ್ಟಿಲಿಗೆ ಕಟ್ಟಿ, ಬೆರಳು ತಾಕಿಸಿ, ಹೆಂಡತಿಯ ಮುಖ ನೋಡಿ ನಕ್ಕ. ಗಂಟೆ ಹಾಡಿತು.

"ತುಂಗವ್ವ ಮಲಗ್ಯಾಳ, ಮೆಲ್ಲಕ ಹರಿಯ ಹೊಳಿಯವ್ವಾ..."

ಮುಂದಿನ ಸಾಲಿಗೆ ಮಾತಿರಲಿಲ್ಲ. ಹೂಂ ಹೂಂ ಎಂದು ಬರೀ ರಾಗ ಎಳೆಯಿತು.

ತುಂಗವ್ವ ತೊಟ್ಟಿಲಿನ ಹತ್ತಿರ ಬಂದು ಕಿವಿಗೊಟ್ಟಳು. ಅದು ಅವಳ ಅವ್ವ ಕಟ್ಟಿದ ಹಾಡು. ಅವ್ವ ಗದ್ದೆಗೆ ಹೋದಾಗ ತೊಟ್ಟಿಲು ತೂಗಿ ಹಾಡುತ್ತಿದ್ದವಳು ಅಕ್ಕ ರಾಚವ್ವ. ಎರಡನೆಯ ಸಾಲು ಅವಳಿಗೆ ಯಾವತ್ತೂ ನೆನಪಿರುತ್ತಿರಲಿಲ್ಲ, ಹೀಗೇ ರಾಗ ಎಳೆಯುತ್ತಿದ್ದಳು. ಅವ್ವ ಸತ್ತ ಮೇಲೆ ಆ ಸಾಲು ಯಾರಿಗೂ ಗೊತ್ತಿಲ್ಲದಂತಾಯಿತು. ಶಬ್ದಪಾಲ ಬರುವ ಮುಂಚೆ ರಾಚವ್ವನನ್ನು ಕಂಚುದುರ್ಗದ ಈರಪ್ಪನಿಗೆ ಕೊಟ್ಟಿದ್ದರು. ಮೊದಮೊದಲು ಹಬ್ಬಕ್ಕೆ ಬರುತ್ತಿದ್ದಳು. ಆಮೇಲೆ ಸುದ್ದಿಯೇ ಇಲ್ಲ.

"ಬಿಚ್ಚು ಅದನ್ನ," ಎಂದಳು ತುಂಗವ್ವ. "ನಮ್ಮಕ್ಕ ಅದಾಳ ಅದರೊಳಗ."

ಮರುದಿನ ಅವಳು ಕೂಸನ್ನು ಎದೆಗವಚಿಕೊಂಡು, ಗಂಟೆ ಹಿಡಿದು ಕಲ್ಲು ಹತ್ತಿದಳು. ಸಭೆಯಲ್ಲಿ ದೂತನೂ ಕೂತಿದ್ದ. ಬಿಳಿ ಬಟ್ಟೆ, ನಯವಾದ ಕೈಗಳು. ಅವನ ದನಿ ಮಾತ್ರ ಒಂದೇ ಸಮನಿರುತ್ತಿರಲಿಲ್ಲ. ಒಂದು ಮಾತು ಮುದುಕನದ್ದು, ಇನ್ನೊಂದು ಎಳೆಯ ಹುಡುಗಿಯದ್ದು. ಜನರಿಗೆ ಅದು ರೂಢಿಯಾಗಿಹೋಗಿತ್ತು.

"ಇದು ನಮ್ಮಕ್ಕನ ದನಿ," ಎಂದಳು ತುಂಗವ್ವ. "ಕಿತ್ತು ಇದರಾಗ ತುಂಬ್ಯಾರ. ಒಂದು ಗಂಟಿಯೊಳಗ ಒಬ್ಬರು ಇದ್ದರ, ನಮ್ಮ ಮನಿಮನಿಯೊಳಗ ಯಾರ್ಯಾರು ಅದಾರ?"

"ಆಕೆ ಸಂತೋಷದಿಂದ ಕೊಟ್ಟದ್ದು," ಎಂದ ದೂತ ಹುಡುಗಿಯ ದನಿಯಲ್ಲಿ. "ನಮ್ಮ ನಾಡಿನಲ್ಲಿ ಯಾರೂ ದೂರು ಹೇಳಿದ್ದಿಲ್ಲ. ಬೇಕಾದರೆ ಅವರನ್ನೇ ಕೇಳಿ."

ಅವಳಿಜವಳಿ ಮಕ್ಕಳ ತಾಯಿ ಗೌರವ್ವ ಎದ್ದಳು. "ಗಂಟಿ ಇಲ್ಲಂದ್ರ ನನ್ನ ಮಕ್ಕಳು ಮಲಗೂದಿಲ್ಲ ತುಂಗಾ. ಆ ದಡದ್ದು ಆ ದಡದವರ ಮನಿ ವಿಚಾರ. ನಾವ್ಯಾಕ ಕೈ ಹಾಕೋಣು? ನಾಳೆ ಆ ಮೃಗಾನ ಈ ಕಡೆ ಬಿಟ್ಟರ ಏನು ಮಾಡ್ತಿ?"

ಒಬ್ಬ ಹುಡುಗ ಪಡೆ ಕಟ್ಟೋಣ ಎಂದು ಕೂಗಿದ. ಯಾರೂ ತಲೆ ಎತ್ತಲಿಲ್ಲ. ಗುರುಪಾದಜ್ಜ ಕಟ್ಟಳೆ ನೆನಪಿಸಿದ. ಅಕ್ಕನ ದೂರು ಅಕ್ಕನೇ ಹೇಳಬೇಕು.

"ಬಾಯಿ ಕಿತ್ತುಕೊಂಡವರು ಬಾಯಿಂದ ಹ್ಯಾಂಗ ಹೇಳ್ತಾರ ಅಜ್ಜ?" ಎಂದಳು ತುಂಗವ್ವ.

ಅಜ್ಜ ಜನರ ಕಡೆ ತಿರುಗಿದ. ಈ ದೂರು ಎತ್ತಿಕೊಳ್ಳಬೇಕೋ ಬೇಡವೋ ಎಂದು ಸಭೆಯನ್ನು ಕೇಳಿದ. ಜನ ಎದ್ದರು, ನೆಲ ನೋಡುತ್ತ ನಡೆದರು, ಹುಣಸೆಯ ಕೆಳಗೆ ಹೋಗಿ ನಿಂತರು. ಬೇವಿನ ಕೆಳಗೆ ಭರಮಪ್ಪ, ಆ ಹುಡುಗ ಮತ್ತು ಚಪ್ಪರದ ಮೂಕರು. ಮೂಕರನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

"ಹಂಗಾದ್ರ ಅಕ್ಕನ್ನೇ ಕರಕೊಂಡು ಬರ್ತೀನಿ," ಎಂದಳು ತುಂಗವ್ವ. ಕಲ್ಲಿನ ಮೇಲೆ ನಿಂತು ಆಡಿದ ಮಾತು, ಹಿಂದಕ್ಕೆ ಪಡೆಯುವಂತಿರಲಿಲ್ಲ.

ಕೂಸನ್ನು ಭರಮಪ್ಪನ ಕೈಗೆ ಕೊಟ್ಟು, ಹಸುವಿನ ಹಾಲು ಹೇಗೆ ಕುಡಿಸಬೇಕೆಂದು ಮತ್ತೆ ಮತ್ತೆ ಹೇಳಿ, ಸದ್ದಾಗದಂತೆ ಗಂಟೆಯನ್ನು ಬಟ್ಟೆಯಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡು, ಅವಳು ಒಬ್ಬಳೇ ಹರಿಗೋಲು ಬಿಟ್ಟಳು.

ಮೊದಲ ಕಂಟಕ ಹೊಳೆಯ ನಡುವೆ ಕಾದಿತ್ತು. ನೀರು ಕಪ್ಪಾಯಿತು. ಹರಿಗೋಲಿನ ಪಕ್ಕದಲ್ಲೇ ನಾಯಿಯ ಮೂತಿ ಮೇಲೆದ್ದಿತು. ಕಣ್ಣಿಲ್ಲದ ಆ ಮುಖ ಅವಳ ಬಾಯಿಯ ಹತ್ತಿರಕ್ಕೇ ಬಂದು ಮೂಸಿತು. ಅದರ ಉಸಿರಿಗೆ ಹಳಸಿದ ಅನ್ನದ ವಾಸನೆ. ಅಷ್ಟರಲ್ಲಿ ಸೆಳವಿಗೆ ಹರಿಗೋಲು ತಿರುಗಿ ಬಂಡೆಗೆ ಬಡಿಯಿತು. ಅಂಚು ಹಿಡಿದಿದ್ದ ಅವಳ ಬೆರಳುಗಳು ನಡುವೆ ಸಿಕ್ಕಿ ಜಜ್ಜಿಹೋದವು. ಕಣ್ಣು ಕತ್ತಲಿಟ್ಟಿತು. ತುಂಗವ್ವ ಬಾಯಿ ತೆರೆಯಲಿಲ್ಲ. ಮೃಗ ಇನ್ನೂ ಸ್ವಲ್ಪ ಹೊತ್ತು ಕಾದು, ಮುಳುಗಿಹೋಯಿತು.

ಎರಡನೆಯ ಕಂಟಕ ಕಂಚುದುರ್ಗದ ಬೀದಿಯಲ್ಲಿತ್ತು. ಅಲ್ಲಿ ಗೋಡೆಗಳಿಗೆ ನಿಜವಾಗಿಯೂ ಕಿವಿಗಳಿದ್ದವು. ಮೊರದಗಲದ ಕಂಚಿನ ಕಿವಿಗಳು, ಅವಳು ನಡೆದಂತೆ ಅವಳ ಕಡೆಗೆ ಹೊರಳುತ್ತಿದ್ದವು. ಸಂತೆ ನಡೆದಿತ್ತು, ಸದ್ದಿರಲಿಲ್ಲ. ಜನ ಒಬ್ಬರ ಮುಖ ಒಬ್ಬರು ನೋಡದೆ ಕೈಸನ್ನೆಯಲ್ಲೇ ಕೊಂಡು ಹೋಗುತ್ತಿದ್ದರು. ಅವಳ ಕಾಲಬುಡದಲ್ಲೇ ಒಂದು ಮಗು ಎಡವಿ ಬಿತ್ತು. ಮೊಣಕಾಲು ಒಡೆದು ರಕ್ತ ಬಂತು. ಬಾಯಿ ಅಗಲಕ್ಕೆ ತೆರೆಯಿತು, ಮುಖ ಕೆಂಪಾಯಿತು, ಎದೆ ಬಿಕ್ಕಿ ಬಿಕ್ಕಿ ಕುಣಿಯಿತು. ಸದ್ದು ಮಾತ್ರ ಹೊರಡಲಿಲ್ಲ. ತುಂಗವ್ವನಿಗೆ ಎದೆಹಾಲು ತನ್ನಷ್ಟಕ್ಕೆ ಜಿನುಗಿ ಕುಪ್ಪಸ ನೆನೆಯಿತು. ಅಯ್ಯೋ ಕಂದಾ ಎಂಬ ಮಾತು ಹಲ್ಲಿನ ತನಕ ಬಂತು. ಸೆರಗು ಕಚ್ಚಿಕೊಂಡಳು. ಮಗುವನ್ನು ಎತ್ತಿ ನಿಲ್ಲಿಸಿ, ಬೆನ್ನು ಸವರಿ ನಡೆದಳು. ಅದರ ತಾಯಿ ದೂರದಲ್ಲಿ ನಿಂತು ನೋಡುತ್ತಿದ್ದವಳು, ಬಂದು ತುಂಗವ್ವನ ಕೈ ಹಿಡಿದಳು. ಕೊರಳಿಗೆ ಕಟ್ಟಿಕೊಂಡಿದ್ದ ಗಂಟೆಯನ್ನು ತುಂಗವ್ವ ತೋರಿಸಿದಳು. ಆ ತಾಯಿ ಅದನ್ನು ನೋಡಿ, ಬೆಟ್ಟದ ಬುಡದ ಕಡೆಗೆ ಬೆರಳು ಮಾಡಿದಳು.

ಬೆಟ್ಟದ ಬುಡದಲ್ಲಿ ಗಂಟೆ ಎರಕ ಹೊಯ್ಯುವ ಅಂಗಳ. ಹೆಂಗಸರು ಅಚ್ಚಿನ ಮಣ್ಣು ತುಳಿಯುತ್ತಿದ್ದರು. ಅವರ ನಡುವೆ ರಾಚವ್ವ. ಕೂದಲು ಬೆಳ್ಳಗಾಗಿತ್ತು, ಕೆನ್ನೆ ಇಳಿದಿತ್ತು. ತಂಗಿಯನ್ನು ಕಂಡು ಅವಳ ಕಾಲುಗಳು ನಿಂತವು. ಬಾಯಿ ತೆರೆದಳು, ಮುಚ್ಚಿದಳು. ಮಣ್ಣಿನ ಕೈಯಲ್ಲೇ ತಂಗಿಯ ಮುಖ ಹಿಡಿದುಕೊಂಡಳು.

ಆಗಲೇ ಅಂಗಳದ ಆ ತುದಿಯಲ್ಲಿ ಆರುತ್ತಿದ್ದ ಒಂದು ಗಂಟೆ ಟಣ್ಣೆಂದು ಸೀಳು ಬಿಟ್ಟಿತು. ಕಾವಲಿನವರು ಬೆಂಕಿ ಬಿದ್ದವರಂತೆ ಓಡಿ, ಅದಕ್ಕೆ ಒದ್ದೆ ಕಂಬಳಿ ಮುಚ್ಚಿ, ಎತ್ತಿ ಕುಲುಮೆಗೆ ಹಾಕಿದರು. ಒಡೆದ ಗಂಟೆಗೆ ಇವರು ಯಾಕೆ ಇಷ್ಟು ಹೆದರುತ್ತಾರೆ ಎಂದು ತುಂಗವ್ವ ಅಕ್ಕನ ಮುಖ ನೋಡಿದಳು. ರಾಚವ್ವ ಒಣಗಿದ ಒಂದು ಅಚ್ಚು ಎತ್ತಿಕೊಂಡು ತನ್ನ ಗಂಟಲಿಗೆ ತಾಗಿಸಿ, ನೆಲಕ್ಕೆ ಬಡಿದಳು. ಒಡೆ, ಎಂದು ಹೇಳುತ್ತಿದ್ದಳು. ದನಿ ಸತ್ತುಹೋದರೆ, ಎಂದು ತಂಗಿ ಕಣ್ಣಿನಲ್ಲೇ ಕೇಳಿದಳು. ಗೊತ್ತಿಲ್ಲ ಎಂಬಂತೆ ಅಕ್ಕ ತಲೆಯಾಡಿಸಿ, ಇನ್ನೊಂದು ಅಚ್ಚು ಎತ್ತಿ ಬಡಿದಳು. ಆ ಸದ್ದಿಗೆ ಗೋಡೆಯ ಕಿವಿಗಳೆಲ್ಲ ಅತ್ತ ಹೊರಳಿದವು. ಇಬ್ಬರನ್ನೂ ಹಿಡಿದು ದೊರೆಯ ಮುಂದೆ ನಿಲ್ಲಿಸಿದರು.

ಮೂರನೆಯ ಕಂಟಕ ಅವನೇ. ಶಬ್ದಪಾಲ ಚಿಕ್ಕ ಆಳು, ಸಣ್ಣ ಕುತ್ತಿಗೆ. ಎತ್ತರದ ಸಿಂಹಾಸನದಲ್ಲಿ ಅವನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಅವನು ಬಾಯಿ ತೆರೆದಾಗ ಬಂದದ್ದು ರಾಚವ್ವನ ಗಂಡ ಈರಪ್ಪನ ದನಿ. ರಾಚವ್ವ ಕುಸಿದು ಕೂತಳು.

"ಬಾ ನಾದಿನೀ," ಎಂದ ದೊರೆ ಆ ದನಿಯಲ್ಲಿ. "ಅಕ್ಕನನ್ನು ಕರೆದುಕೊಂಡು ಹೋಗು. ನಾನು ಕ್ರೂರಿಯಲ್ಲ. ನಿಮ್ಮ ಕಲ್ಲಿನ ಮೇಲೆ ನಿಂತು ಒಂದೇ ಮಾತು ಹೇಳು, 'ನಾನು ಕಣ್ಣಾರೆ ಕಂಡೆ, ಅಲ್ಲಿ ಎಲ್ಲ ಚೆನ್ನಾಗಿದೆ' ಎಂದು. ಅಷ್ಟು ಸಾಕು. ಈಗ ನನ್ನ ಮುಂದೆ 'ಒಪ್ಪಿದೆ' ಅನ್ನು."

ಒಪ್ಪಿದೆ. ಎಷ್ಟು ಸಣ್ಣ ಮಾತು. ಅಕ್ಕ ಮನೆಗೆ ಬರುತ್ತಾಳೆ, ಕೂಸಿಗೆ ಹಾಲೂಡಿಸಬಹುದು. ತುಂಗವ್ವ ಬಾಯಿ ತೆರೆಯುವಷ್ಟರಲ್ಲಿ ರಾಚವ್ವ ಅವಳ ಜಜ್ಜಿದ ಬೆರಳುಗಳನ್ನೇ ಹಿಡಿದು ಹಿಂಡಿದಳು. ಆ ನೋವಿನಲ್ಲಿ ತುಂಗವ್ವನಿಗೆ ಗೊತ್ತಾಯಿತು. ಇಲ್ಲಿ ಎಲ್ಲರೂ ಆಡಿದ ಕೊನೆಯ ಮಾತು ಅದೇ. ಹೆದರಿ ಒಪ್ಪಿದೆ ಎಂದ ಕ್ಷಣಕ್ಕೆ ದನಿ ಅವನದಾಗುತ್ತದೆ.

ಅವಳು ಹೇಳಿದಳು, "ನಮ್ಮ ನಾಡಾಗ ಒಪ್ಪಿಗಿ ಬಾಯಿಲೆ ಹೇಳೂದಿಲ್ಲ ದೊರಿ. ನಡೆದು ತೋರಸ್ತೀವಿ."

"ನಡೆ, ನೋಡೋಣ," ಎಂದ ದೊರೆ ನಗುತ್ತ. ಅವನ ಮುಂದೆ ಇಲ್ಲ ಎಂದವರು ತೀರ ಕಡಿಮೆ.

ತುಂಗವ್ವ ತನ್ನ ಎಡಕ್ಕೆ ನಡೆದಳು. ಅವಳ ನಾಡಿನಲ್ಲಿ ಹುಣಸೆ ಇರುವ ಕಡೆಗೆ, ಇಲ್ಲ ಎನ್ನುವ ಕಡೆಗೆ. ಅದನ್ನರಿಯದ ದೊರೆ ತೃಪ್ತಿಯಿಂದ ಕೈ ಬೀಸಿದ.

ದೂತ ಅಕ್ಕತಂಗಿಯರನ್ನು ತನ್ನ ದೋಣಿಯಲ್ಲಿ ಈ ದಡಕ್ಕೆ ತಂದ. ಹಿಂದೆಯೇ ನೀರು ಸೀಳುತ್ತ ಮಾತುಗುಳಿಯೂ ಬಂತು. ದಂಡೆಯ ಕೆಸರಿಗೆ ಗದ್ದವೂರಿ ಮಲಗಿತು. ಬಯಲಿನಲ್ಲಿ ಜನ ಸೇರಿದರು. ಯಾರೂ ಕೆಮ್ಮಲೂ ಇಲ್ಲ. ಭರಮಪ್ಪ ಕೂಸನ್ನು ತಂದು ತುಂಗವ್ವನ ಎದೆಗೆ ಕೊಟ್ಟ. ಅದು ಹಾಲು ಕುಡಿಯುತ್ತಿದ್ದಂತೆಯೇ ಅವಳು ಅಕ್ಕನ ಜೊತೆ ಕಲ್ಲು ಹತ್ತಿದಳು.

"ಹೇಳು," ಎಂದ ದೂತ.

"ನಾನು ಕಣ್ಣಾರೆ ಕಂಡೆ," ಎಂದಳು ತುಂಗವ್ವ. ಹೊಳೆದಂಡೆಯಲ್ಲಿ ಮೃಗದ ಬಾಲ ಕೆಸರಿಗೆ ಬಡಿಯುತ್ತಿತ್ತು. ಬೀದಿಯಲ್ಲಿ ಬಿದ್ದ ಆ ಮಗುವಿನ ಬಾಯಿ ಅವಳಿಗೆ ನೆನಪಾಯಿತು. "ಅಲ್ಲಿ ಕೂಸು ಬಿದ್ದರೂ ಅಳಾಕ ಆಗೂದಿಲ್ಲ. ಕಂಡೆ ನಾನು. ಕೂಸಿನ ದನೀನೂ ಬಿಟ್ಟಿಲ್ಲ ಅವರು."

ಜನ ಮಿಸುಕಾಡಿದರು. ಗುರುಪಾದಜ್ಜ ರಾಚವ್ವನ ಕಡೆ ತಿರುಗಿದ. "ತಾಯೀ, ನಿನ್ನ ದೂರು ನೀನ ಹೇಳು."

ರಾಚವ್ವ ಬಾಯಿ ತೆರೆದಳು. ಬರೀ ಗಾಳಿ ಬಂತು.

"ದೂರಿಲ್ಲ," ಎಂದ ದೂತ.

"ಈಕಿ ಬಾಯಿ ಇಲ್ಲೈತಿ ಅಜ್ಜ," ಎಂದು ತುಂಗವ್ವ ಕೂಸನ್ನು ಕೆಳಗೆ ನಿಂತ ಭರಮಪ್ಪನಿಗೆ ಕೊಟ್ಟು, ಕೊರಳಿನ ಗಂಟೆ ಬಿಚ್ಚಿ ಎತ್ತಿ ಹಿಡಿದಳು. "ಒಡದರ ಬರ್ತದೋ ಸಾಯ್ತದೋ ನನಗ ತಿಳಿದಿಲ್ಲ."

"ಸಾಯುತ್ತದೆ," ಎಂದು ದೂತ ಚೀರಿದ. ಈ ಸಲ ದನಿ ಮುದುಕನದ್ದು. "ಗಂಟೆ ಒಡೆದರೆ ಒಳಗಿನ ದನಿ ಸಾಯುತ್ತದೆ. ಆ ಪಾಪ ನಿಮ್ಮದು. ಸಂಜೆಯೊಳಗೆ ಆ ಮೃಗ ನಿಮ್ಮ ಅಂಗಳದಲ್ಲಿರುತ್ತದೆ!"

ತುಂಗವ್ವನ ಕೈ ಇಳಿಯಿತು. ಹುಟ್ಟಿದಂದಿನಿಂದ ಕೇಳಿದ ದನಿ. ತನ್ನ ಕೈಯಿಂದಲೇ ಅದು ಹೋದರೆ? ಅವಳಿಗೆ ಅಳು ಬಂತು. ರಾಚವ್ವ ಬಗ್ಗಿ, ಕಲ್ಲಿನ ಬುಡದಿಂದ ಒಂದು ಗುಂಡುಕಲ್ಲು ಎತ್ತಿ ತಂಗಿಯ ಕೈಯಲ್ಲಿಟ್ಟಳು. ಬೆರಳುಗಳನ್ನು ಒಂದೊಂದಾಗಿ ಮಡಿಸಿದಳು. ಇನ್ನು ನಿನಗೆ ಬಿಟ್ಟದ್ದು ಎಂಬಂತೆ ಹಿಂದೆ ಸರಿದು ನಿಂತಳು.

ತುಂಗವ್ವ ಗಂಟೆಯನ್ನು ಕಲ್ಲಿನ ಮೇಲಿಟ್ಟು ಹೊಡೆದಳು. ಕಂಚು ಸೀಳಿತು. ಹಾಡಿನ ಒಂದು ಎಳೆ ಮೇಲೆದ್ದು ಕಡಿದುಹೋಯಿತು.

ಏನೂ ಆಗಲಿಲ್ಲ. ರಾಚವ್ವ ಸುಮ್ಮನೆ ನಿಂತಿದ್ದಳು. ದೂತ ನಗತೊಡಗಿದ. ಅಕ್ಕನ ದನಿ ಕೊಂದೆ ಎಂದುಕೊಂಡಳು ತುಂಗವ್ವ.

ರಾಚವ್ವ ಕೆಮ್ಮಿದಳು. ಇನ್ನೊಮ್ಮೆ ಕೆಮ್ಮಿದಳು. ಗಂಟಲು ಸರಿಮಾಡಿಕೊಂಡಳು.

"ಅಜ್ಜ," ಎಂದಳು. "ನಂದೊಂದು ದೂರು ಐತಿ."

ಆಮೇಲೆ ಅವಳು ಹೇಳಿದಳು. ಹೊತ್ತು ನೆತ್ತಿಗೇರುವ ತನಕ ಹೇಳಿದಳು. ಯಾರನ್ನು ಯಾವ ಮನೆಯಿಂದ ಎಳೆದೊಯ್ದರು, ಒಪ್ಪಿದೆ ಎನ್ನದವರನ್ನು ಏನು ಮಾಡಿದರು, ಎಲ್ಲ. ಹುಡುಗ ಮತ್ತೆ ಪಡೆಯ ಮಾತೆತ್ತಿದ.

"ಬ್ಯಾಡಪ್ಪಾ," ಎಂದಳು ರಾಚವ್ವ. "ನೀವು ಕತ್ತಿ ಹಿಡಕೊಂಡು ಬಂದರ ಅಂವ ನಮ್ಮನ್ನ ಮುಂದ ನಿಲ್ಲಸ್ತಾನ. ನಿಮ್ಮ ತಾಮ್ರ ಕೊಡಬ್ಯಾಡ್ರಿ. ಗಂಟಿ ಇಟ್ಟುಕೋಬ್ಯಾಡ್ರಿ. ಈಜಿ ಬಂದವರನ್ನ ಚಪ್ಪರದಾಗ ಅಲ್ಲ, ಮನ್ಯಾಗ ಕರೀರಿ. ಅವರ ಮಾತು ಕೇಳ್ರಿ. ನಮ್ಮ ದನಿ ನಮಗ ಬರಲಿ. ಉಳಿದದ್ದು ನಾವ ಮಾಡ್ತೀವಿ."

ಗೌರವ್ವ ಎದ್ದು ನಿಂತಿದ್ದಳು. ಮುಖ ಸುಣ್ಣದಂತೆ ಬಿಳಿಚಿತ್ತು. "ನಮ್ಮ ತೊಟ್ಟಿಲದಾಗ ಹಾಡೋದು ಒಬ್ಬ ಮುದುಕ," ಎಂದಳು. "ದಿನಾ ಕೇಳೀನಿ. ಅಂವ ಯಾರು ಅಂತ ಒಂದಿನಾನೂ ಕೇಳಲಿಲ್ಲ ನಾನು."

ಮನೆಗೆ ಓಡಿಹೋಗಿ ಗಂಟೆ ತಂದಳು. ತಾಕಿಸಿದಳು. ಗಂಟೆ ಹಾಡಿತು. ಚಪ್ಪರದ ಮೂಕರ ನಡುವಿನಿಂದ ಒಬ್ಬ ಮುದುಕ ಎದ್ದು, ತೂರಾಡುತ್ತ ಬಂದು, ಅವಳ ಮುಂದೆ ನಿಂತ. ಎಷ್ಟೋ ದಿನ ಅವಳೇ ಅವನಿಗೆ ಗಂಜಿ ಬಡಿಸಿದ್ದಳು. ಗೌರವ್ವ ಅವನ ಮುಖ ನೋಡಲಾರದೆ ಗಂಟೆಯನ್ನು ಅವನ ಕಾಲಬುಡದಲ್ಲಿ ಒಡೆದಳು. ಆಮೇಲೆ ಯಾರೂ ಕೇಳುವ ಮುಂಚೆಯೇ ಬೇವಿನ ಕೆಳಗೆ ಹೋಗಿ ನಿಂತಳು.

ಜನ ಎದ್ದು ನಡೆದರು. ಕೆಲವರು ಹುಣಸೆಯ ಕೆಳಗೇ ಉಳಿದರು. ಅದೂ ಅವರ ಹಕ್ಕೇ. ಆದರೆ ಬೇವಿನ ನೆರಳು ಸಾಲದೆ ಜನ ಬಿಸಿಲಿನಲ್ಲಿ ನಿಂತರು. ಬಾಯಿಲ್ಲದವರ ದೂರನ್ನು ಬಾಯಿದ್ದವರು ಹೇಳಬಹುದು ಎಂದು ಗುರುಪಾದಜ್ಜ ಅಲ್ಲೇ ಕಟ್ಟಳೆ ತಿದ್ದಿದ. ತಿದ್ದುವಾಗ ಅವನ ಗಡ್ಡ ಒದ್ದೆಯಾಗಿತ್ತು.

ಮನೆಮನೆಯಿಂದ ಗಂಟೆಗಳು ಬಂದವು. ಕಲ್ಲಿನ ಮೇಲೆ ಇಟ್ಟಿಟ್ಟು ಒಡೆದರು. ಒಂದೊಂದು ಒಡೆದಾಗಲೂ ಆ ದಡದಲ್ಲಿ ಒಬ್ಬೊಬ್ಬರಿಗೆ ದನಿ ಬಂತು. ಮೊದಲು ಒಂದು ಕೂಗು, ಆಮೇಲೆ ಹತ್ತು, ಆಮೇಲೆ ಹೊಳೆಯ ಸದ್ದೇ ಕೇಳದಷ್ಟು. ಮಾತುಗುಳಿ ಎದ್ದು ಅತ್ತ ಓಡಿತು, ಇತ್ತ ಓಡಿತು. ಯಾರನ್ನು ನುಂಗಬೇಕೆಂದು ತಿಳಿಯದೆ ತನ್ನ ಸುತ್ತಲೇ ಸುತ್ತಿ ಸುತ್ತಿ ಮಡುವಿನಲ್ಲಿ ಮುಳುಗಿತು. ದೂತ ಏನೋ ಹೇಳಲು ಹೋದ, ಬಾಯಿಂದ ಬರೀ ಗಾಳಿ ಬಂತು. ಕಂಚುದುರ್ಗದ ಗೋಡೆಗಳ ಕಿವಿಗಳು ಆ ಗದ್ದಲ ತಡೆಯಲಾರದೆ ಬಿರಿದು ಬಿದ್ದವು. ಶಬ್ದಪಾಲ ಸಿಂಹಾಸನದಿಂದ ಎದ್ದು, ಹಿಡಿಯಿರಿ ಎಂದು ಕಿರುಚಿದನಂತೆ. ಅವನ ಸ್ವಂತ ದನಿ ಯಾರಿಗೂ ಕೇಳಿಸಲಿಲ್ಲ. ಕಾವಲಿನವರು ಈಟಿ ಕೆಳಗಿಟ್ಟು ತಮ್ಮ ತಮ್ಮ ತಾಯಂದಿರನ್ನು ಕೂಗುತ್ತ ಮನೆಗೆ ಹೋದರು. ಕಂಚುದುರ್ಗದವರೇ ಅವನನ್ನು ಹಿಡಿದು ವಿಚಾರಣೆಗೆ ನಿಲ್ಲಿಸಿದರು. ತಾವೂ ಆ ಹೊಸ ಕಟ್ಟಳೆ ಹಿಡಿದು, ದನಿ ಕೇಳಿಸದ ಅವನ ಪರವಾಗಿಯೂ ಒಬ್ಬರು ಮಾತಾಡಬೇಕೆಂದರು. ಬೇರೆ ಯಾರೂ ಮುಂದೆ ಬಾರದಿದ್ದಾಗ ಗುರುಪಾದಜ್ಜ ಹೊಳೆ ದಾಟಿ ಹೋಗಿ ಆ ಕೆಲಸ ಮಾಡಿದ. ಆದರೂ ದೊರೆ ಸೆರೆಮನೆಗೇ ಹೋದ.

ಕೆಲವು ದನಿಗಳಿಗೆ ಮರಳಿ ಹೋಗಲು ಮೈ ಉಳಿದಿರಲಿಲ್ಲ. ಅವು ಆ ಸಂಜೆ ಹೊಳೆಯ ಮೇಲೆ ಸುಳಿದಾಡಿದವು. ಅವುಗಳಲ್ಲೊಂದು, ಈರಪ್ಪನದು, ತುಂಗವ್ವನ ಬಾಗಿಲ ತನಕ ಬಂದು, "ರಾಚೀ" ಎಂದು ಒಮ್ಮೆ ಕರೆಯಿತು. ರಾಚವ್ವ ಓಡಿಹೋಗಿ ಬಾಗಿಲು ತೆರೆದಳು. ಬಾಗಿಲಲ್ಲಿ ಯಾರೂ ಇರಲಿಲ್ಲ. ಅವಳು ಹೊಸ್ತಿಲ ಮೇಲೆ ಕೂತು ಬಾಯಿಬಿಟ್ಟು ಅತ್ತಳು. ಅಳುವುದಕ್ಕಾದರೂ ಈಗ ದನಿ ಇತ್ತು.

ಒಳಗೆ ಕೂಸೂ ಅಳಲು ಶುರುಮಾಡಿತು. ಊರ ಎಲ್ಲ ಮನೆಗಳಲ್ಲೂ ಕೂಸುಗಳು ಅಳುತ್ತಿದ್ದವು. ರಾಚವ್ವ ಕಣ್ಣೊರೆಸಿಕೊಂಡು ಎದ್ದು ಬಂದು ತೊಟ್ಟಿಲ ಹಗ್ಗ ಹಿಡಿದಳು.

"ತುಂಗವ್ವನ ಕೂಸವ್ವ ಮಲಗ್ಯಾಳ, ಮೆಲ್ಲಕ ಹರಿಯ ಹೊಳಿಯವ್ವಾ..."

ಅಲ್ಲಿಗೆ ನಿಂತಳು. ಮರೆತ ಸಾಲು ಬರಲಿಲ್ಲ. ಸ್ವಲ್ಪ ಹೊತ್ತು ರಾಗ ಎಳೆದು, ಆಮೇಲೆ ತನ್ನದೇ ಒಂದು ಸಾಲು ಕಟ್ಟಿ ಹಾಡಿದಳು.

"ಎದ್ದರ ಅಳತಾಳ, ಅತ್ತರ ಕೇಳತೀವಿ ಹೊಳಿಯವ್ವಾ..."

ಎರಡು ದಡದವರೂ ಬಹುಕಾಲ ಸುಖವಾಗಿ ಬಾಳಿದರು. ಅಂದಿನಿಂದ ಆ ಹೊಳೆಯ ಯಾವ ದಡದಲ್ಲೂ, ಕೂಸು ಅತ್ತರೆ ಸುಮ್ಮನಿರು ಎಂದು ಯಾರೂ ಗದರುವುದಿಲ್ಲ. ಯಾಕೆ ಅಳುತ್ತದೆ ಎಂದು ಎದ್ದು ಹೋಗಿ ನೋಡುತ್ತಾರೆ.